ಎರಡನೆಯ ಮೊಳೆ

“ಹೊಸ್ತಿಲಿಗೆ ಮುಸ್ಸಂಜೆ ದೀಪ ಇಡೋದನ್ನ ಮಾತ್ರ ತಪ್ಪಿಸಬೇಡಿ ಕಣಪ್ಪ. ಎಣ್ಣೆಯ ದೀಪ. ಮಿಕ್ಕಿದ್ದೆಲ್ಲ ನಿಮ್ಮಿಷ್ಟ, ಗೋಡೆ ಬೇಕಾದ್ರೂ ಒಡ್ಕೊಳ್ಳಿ.”

ಮನೆಯ ಬೀಗದ ಕೈಗಳನ್ನು ನಾಗಾರ್ಜುನನ ಅಂಗೈಯಲ್ಲಿಟ್ಟು ಶಿವನಂಜಮ್ಮ ಹೇಳಿದ್ದು ಇಷ್ಟೇ. ಹಣೆಯ ತುಂಬ ವಿಭೂತಿ, ಕೊರಳಲ್ಲಿ ಲಿಂಗದ ಕರಡಿಗೆ, ಕೈಯಲ್ಲೊಂದು ಬಟ್ಟೆಯ ಚೀಲ. ಶಾಲೆಯಲ್ಲಿ ಪಾಠ ಹೇಳಿ ನಿವೃತ್ತರಾಗಿದ್ದ ಆಕೆ, ತೀರಿಹೋದ ಗಂಡ ಪುಟ್ಟಸ್ವಾಮಿ ಮುಂದೆ ನಿಂತು ಕಟ್ಟಿಸಿದ ಮನೆಯನ್ನು ಮಾರಿ, ಅಗ್ರಹಾರದ ಬಾಡಿಗೆ ಕೋಣೆಯೊಂದಕ್ಕೆ ಹೊರಟು ನಿಂತಿದ್ದರು. ಹೊರಡುವ ಮುನ್ನ ಹೊಸ್ತಿಲಿಗೆ ಅರಿಸಿನ ಬಳಿದು ಮಣ್ಣಿನ ಹಣತೆಯೊಂದನ್ನು ಹಚ್ಚಿಟ್ಟಿದ್ದರು. ಆ ಪುಟ್ಟ ಕುಡಿ ಗಾಳಿಯಿಲ್ಲದೆಯೂ ಹೊಸ್ತಿಲ ಕಡೆಗೇ ಬಾಗಿ ಉರಿಯುತ್ತಿತ್ತು.

ನಾಗಾರ್ಜುನ ನಕ್ಕ. “ಇಡದೆ ಹೋದ್ರೆ ಏನಾಗುತ್ತೆ ಅಮ್ಮಾ? ಹೊಸ್ತಿಲು ಎದ್ದು ಬಂದು ಕಚ್ಚುತ್ತಾ?”

“ಕಚ್ಚೋದಿಲ್ಲ. ಹಿಡ್ಕೊಂಡುಬುಡುತ್ತೆ.”

“ಹಿಡ್ಕೊಳ್ಳಲಿ ಬುಡಿ! ಬಾಡಿಗೆ ಮನೆಯೋರು ಹೊರಕ್ಕೆ ತಳ್ಳೋದನ್ನ ನೋಡಿ ನೋಡಿ ಸಾಕಾಗಿದೆ. ಹಿಡ್ಕೊಳ್ಳೋ ಮನೆ ಸಿಕ್ಕೋದು ಪುಣ್ಯ ಅಲ್ವಾ?”

ಹೆಂಡತಿ ಪವಿತ್ರ ಅವನ ತೋಳು ಚಿವುಟಿದಳು. “ಇವರ ಮಾತು ಹಂಗೇ ಅಮ್ಮ, ಮನಸ್ಸಿಗೆ ಹಾಕ್ಕೋಬೇಡಿ. ದೀಪ ನಾನಿಡ್ತೀನಿ.”

ಶಿವನಂಜಮ್ಮ ಅವಳತ್ತ ನೋಡಲಿಲ್ಲ, ಅವನನ್ನೇ ನೋಡಿದರು. ಉತ್ತರ ಗೊತ್ತಿದ್ದೂ ಎದ್ದು ನಿಲ್ಲದ ಹುಡುಗನನ್ನು ಮೇಷ್ಟ್ರು ಕಾಯುವ ಹಾಗೆ ಕಾದರು. “ನನಗೆ ಏನಾದ್ರೂ ಹೇಳೋದಿದೆಯೇನಪ್ಪ?”

“ಏನಿಲ್ಲಮ್ಮ. ಆಟೋ ಕಾಯ್ತಾ ಇದೆ.”

ಆಕೆ ತಿರುಗಿ ನೋಡದೆ ಹೋದರು.

ಹೇಳುವುದು ಇತ್ತು. ನಾಗಾರ್ಜುನ ಹೆಬ್ಬಾಳದ ಕಾರ್ಖಾನೆಯೊಂದರಲ್ಲಿ ಸರಕಿನ ಗುಣಮಟ್ಟ ಪರೀಕ್ಷಿಸುವ ಎಂಜಿನಿಯರು. ಮದುವೆಯಾದಂದಿನಿಂದ ದಂಪತಿಗಳ ವಾಸ ಅಲ್ಲಿಯೇ ಒಂದು ಮಹಡಿಯ ಮೇಲಿನ ಬಾಡಿಗೆ ಮನೆಯಲ್ಲಿ. ಪಾಳಿಯ ಬಸ್ಸುಗಳ ಹಾರನ್ನು, ಕಾದ ಕಬ್ಬಿಣದ ಕಮಟು, ಕಿಟಕಿಯ ಸರಳಿನ ಮೇಲೆ ಒರೆಸಿದಷ್ಟೂ ಕೂರುವ ಕಪ್ಪು ಪುಡಿ. ಪವಿತ್ರ ಗೋಕುಲಂನಲ್ಲಿ ಪರದೇಶದವರಿಗೆ ಯೋಗ ಕಲಿಸುತ್ತಿದ್ದಳು. ಬೆಳಗಾಗುವ ಮುನ್ನವೇ ಸ್ಕೂಟರು ಏರಿ ಹೊರಡುವಳು; ಒಂಟಿಕಾಲಿನ ಮೇಲೆ ಮರದಂತೆ ನಿಲ್ಲಬಲ್ಲ ಆ ಪಾದಗಳೇ ಅವಳ ಅನ್ನ, ಅವಳ ಹೆಮ್ಮೆ. ಒಂದು ಭಾನುವಾರ ಇಬ್ಬರೂ ವರ್ತುಲ ರಸ್ತೆಯಾಚೆಯ ಈ ಬಡಾವಣೆಗೆ ಬಂದರು. ಇಕ್ಕೆಲದಲ್ಲಿ ಹೊಂಗೆಯ ನೆರಳು, ಬಾಗಿಲು ಬಾಗಿಲಿಗೂ ರಂಗೋಲಿ, ತಾರಸಿ ಏರಿದರೆ ಚಾಮುಂಡಿ ಬೆಟ್ಟ. ಮೂಲೆಯ ಮನೆಯ ಅಂಗಳದಲ್ಲಿ ಪಾರಿಜಾತ ಉದುರಿತ್ತು. ಪವಿತ್ರ ಅದನ್ನು ಕಂಡು, “ಇಂಥ ಮನೇಲಿ ಇದ್ರೆ ಆಯಸ್ಸು ಹೆಚ್ಚುತ್ತೆ ಕಣ್ರೀ” ಎಂದುಬಿಟ್ಟಳು. ಅಂದಿನಿಂದ ನಾಗಾರ್ಜುನನಿಗೆ ಬೇರೆ ಮನೆ ಮನೆಯಾಗಿ ಕಾಣಲಿಲ್ಲ.

ಆದರೆ ಶಿವನಂಜಮ್ಮ ಒಪ್ಪಿರಲಿಲ್ಲ. “ಇದು ಮಠಕ್ಕೆ ಅಂತ ಸಂಕಲ್ಪ ಮಾಡ್ಬುಟ್ಟಿದೀನಿ. ಹಳ್ಳಿಯಿಂದ ಓದೋಕೆ ಬರೋ ಹೆಣ್ಣುಮಕ್ಕಳು ಇದ್ಕೊಳ್ಳಲಿ” ಎಂದು, ಕಾಫಿ ಕೊಟ್ಟು, ನಗುನಗುತ್ತಲೇ ಕಳುಹಿಸಿದ್ದರು. ಮತ್ತೆ ಮತ್ತೆ ಹೋದಾಗಲೂ ಅದೇ ಕಾಫಿ, ಅದೇ ನಗು, ಅದೇ ಉತ್ತರ.

ಆಸೆಗೆ ಅಡ್ಡಿ ಬಂದಾಗ ಬುದ್ಧಿ ಆಳಾಗುತ್ತದೆ, ಆಸೆ ಒಡೆಯನಾಗುತ್ತದೆ. ಕಾರ್ಖಾನೆಯ ಊಟದ ಮನೆಯಲ್ಲಿ ಮೂಢನಂಬಿಕೆಯ ಮೇಲೆ ಉಪನ್ಯಾಸ ಮಾಡುತ್ತಿದ್ದ ನಾಗಾರ್ಜುನ, ತಾನು ನಂಬದ್ದನ್ನು ನಂಬುವವರ ಭಯವನ್ನೇ ಆಯುಧ ಮಾಡಿಕೊಂಡ. ಮೊಬೈಲಿನಲ್ಲಿ ಯಾವನೋ ಮಾಡಿಹಾಕಿದ್ದ ವಿಡಿಯೋ ನೋಡಿ ಅಕ್ಕಿಹಿಟ್ಟು ಕಲಸಿ ಒಂದು ಹೆಣ್ಣುಗೊಂಬೆ ಮಾಡಿದ. ಚೆಂದ ಕಾಣಲೆಂದು ಹಣೆಗೆ ಕುಂಕುಮವಿಟ್ಟ. ಬೆಳ್ಳಿಬಣ್ಣದ ಹಾಳೆ ಸುತ್ತಿ ಕಾಲುಂಗುರ ತೊಡಿಸಿದ. ಕಾರ್ಖಾನೆಯಿಂದ ತಂದ ಎರಡು ಕಬ್ಬಿಣದ ಮೊಳೆಗಳನ್ನು ಎರಡೂ ಪಾದಗಳಿಗೆ ಹೊಡೆದ. ಒಂದು ಮುಸ್ಸಂಜೆ ಶಿವನಂಜಮ್ಮ ಮನೆಯೊಳಗಿದ್ದಾಗ, ಕಳ್ಳಹೆಜ್ಜೆಯಲ್ಲಿ ಬಂದು, ಹಳೆಯ ಮರದ ಹೊಸ್ತಿಲಿಗೂ ಮೆಟ್ಟಿಲ ಕಲ್ಲಿಗೂ ನಡುವಿನ ಬಿರುಕಿನಲ್ಲಿ ಗೊಂಬೆಯನ್ನು ತುರುಕಿ, ಕಣ್ಣಿಗೆ ಬೀಳಲೆಂದು ಮೇಲೆ ಕೊಯ್ದ ನಿಂಬೆಹಣ್ಣು ಇಟ್ಟು ಹೋದ.

ಅಜ್ಜಿ ಹೆದರಿ ಓಡಬೇಕೆಂಬುದು ಅವನ ಎಣಿಕೆ. ಆದರೆ ಓಡಿಸುವ ಕ್ರಿಯೆ ಬೇರೆ, ಕಟ್ಟಿಹಾಕುವ ಕ್ರಿಯೆ ಬೇರೆ; ಒಂದನ್ನು ಉಚ್ಚಾಟನವೆಂದೂ ಇನ್ನೊಂದನ್ನು ಸ್ತಂಭನವೆಂದೂ ಹಿರಿಯರು ಬೇರ್ಪಡಿಸಿಟ್ಟದ್ದು ವ್ಯರ್ಥವಾಗಿ ಅಲ್ಲ. ಪಾದಕ್ಕೆ ಮೊಳೆ ಹೊಡೆದ ಮೇಲೆ ಯಾರು ಎಲ್ಲಿಗೆ ಓಡಿಯಾರು? ಹೊಸ್ತಿಲೋ, ಒಳಗೂ ಅಲ್ಲ, ಹೊರಗೂ ಅಲ್ಲ. ಮುಸ್ಸಂಜೆಯೋ, ಹಗಲೂ ಅಲ್ಲ, ಇರುಳೂ ಅಲ್ಲ. ಅಂಥ ತಾಣದಲ್ಲಿ ಅಂಥ ಹೊತ್ತಿನಲ್ಲಿ ದೇವರೇ ಒಮ್ಮೆ ಉಗುರು ಚಾಚಿ ಕುಳಿತನೆಂದು ಪುರಾಣವಿದೆ. ಅಲ್ಲಿ ಆಟಕ್ಕೆಂದು ಮಾಡಿದ್ದು ಆಟವಾಗಿ ಉಳಿಯುವುದಿಲ್ಲ.

ಕೆಲವೇ ದಿನಗಳಲ್ಲಿ ಶಿವನಂಜಮ್ಮನವರೇ ಕರೆ ಮಾಡಿ, ಮನೆ ಕೊಡುತ್ತೇನೆ ಎಂದರು. ನಾಗಾರ್ಜುನ ಒಳಗೊಳಗೇ ಹಿಗ್ಗಿದ. ಗೊಂಬೆಯನ್ನು ಅಜ್ಜಿ ಆಗಲೇ ಎಸೆದಿರಬೇಕೆಂದುಕೊಂಡು ಅದನ್ನು ಮರೆತೂಬಿಟ್ಟ.

ಗೃಹಪ್ರವೇಶಕ್ಕೆ ಮುನ್ನ ನೆಲಕ್ಕೆಲ್ಲ ಗ್ರಾನೈಟು ಹಾಸಲಾಯಿತು. ಹಳೆಯ ಹೊಸ್ತಿಲನ್ನು ಕೀಳಬೇಕಾದರೆ ಪೂಜೆ ಮಾಡಿಸಬೇಕೆಂದು ಕೆಲಸದವರು ಪಟ್ಟು ಹಿಡಿದಾಗ, “ಕೀಳೋದೇ ಬೇಡ, ಅದರ ಮೇಲೇ ಕಲ್ಲು ಕೂರಿಸಿ” ಎಂದ ನಾಗಾರ್ಜುನ. ಕನ್ನಡಿಯಂತೆ ಹೊಳೆಯುವ ಕರಿಯ ಕಲ್ಲು ಹೊಸ್ತಿಲಾಯಿತು. ಅಷ್ಟು ದಿನವೂ ಅಲ್ಲಿ ಸಿಮೆಂಟಿನ ದೂಳು ಹಾರಿತೇ ಹೊರತು ದೀಪ ಉರಿಯಲಿಲ್ಲ.

ಪ್ರವೇಶದ ಬೆಳಿಗ್ಗೆ ಮಹದೇವನೆಂಬವನು ಹಸು-ಕರು ಹಿಡಿದುಕೊಂಡು ಬಂದ. ಕೊರಳಿಗೆ ಸೇವಂತಿಗೆ ಹಾರ, ಕೊಂಬಿಗೆ ಅರಿಸಿನ. ಹಸು ಮೆಟ್ಟಿಲು ಹತ್ತಿತು. ಹೊಸ್ತಿಲ ಬಳಿ ಮೂಗು ಚಾಚಿ ಮೂಸಿತು. ಮೈಯೆಲ್ಲ ಅಲೆಯೆದ್ದಂತೆ ಚರ್ಮ ನಡುಗಿತು. ಹಿಂದೆ ಸರಿಯಿತು. ಹಗ್ಗ ಜಗ್ಗಿದರೂ, ಬೆನ್ನು ತಟ್ಟಿದರೂ, ಒಳಗಿನಿಂದ ಬೆಲ್ಲ ತೋರಿಸಿದರೂ ಗೊರಸು ಎತ್ತಲಿಲ್ಲ.

“ಎಷ್ಟೋ ಮನೆ ಹೊಕ್ಕಿರೋ ಹಸ ಸಾರ್ ಇದು,” ಮಹದೇವ ಮೆಲ್ಲನೆ ಅಂದ. “ಯಾಕೋ ಒಲ್ಲೆ ಅಂತದೆ.”

“ಗ್ರಾನೈಟು ಜಾರುತ್ತೆ ಅಂತ ಅದಕ್ಕೂ ಗೊತ್ತು ಕಣಯ್ಯ. ನಿನಗಿಂತ ಜಾಣ ಹಸು!” ಎಂದ ನಾಗಾರ್ಜುನ. ನೆಂಟರು ಘೊಳ್ಳೆಂದು ನಕ್ಕರು. ಹಸು ತಿರುಗಿ ಹೋಯಿತು.

ಪವಿತ್ರ ಕಲಶ ಹಿಡಿದು ಬಲಗಾಲು ಮುಂದಿಟ್ಟು ಒಳಗೆ ಬಂದಳು. ಬಂದವಳು, “ಹಾ!” ಎಂದು ತುಟಿ ಕಚ್ಚಿದಳು. “ಏನೋ ಚುಚ್ಚಿದಂಗಾಯ್ತು.” ಬಗ್ಗಿ ನೋಡಿದರೆ ನುಣ್ಣನೆಯ ಕಲ್ಲು. ಅದರೊಳಗೆ ಅವಳದೇ ಮುಖ.

ಕೊಟ್ಟ ಮಾತಿನಂತೆ ಅವಳು ದೀಪವಿಡಲು ಹೊರಟದ್ದುಂಟು. ಎಣ್ಣೆಯ ಕಲೆ ಕಲ್ಲಿನ ಮೇಲೆ ಕೂರುತ್ತದೆಂದು ನಾಗಾರ್ಜುನ ಹಣತೆ ಎತ್ತಿಟ್ಟು, ಮುಸ್ಸಂಜೆಯಾದೊಡನೆ ತಾನಾಗಿ ಹೊತ್ತಿಕೊಳ್ಳುವ ಪ್ಲಾಸ್ಟಿಕ್ಕಿನ ಎಲ್‌ಇಡಿ ದೀಪ ತರಿಸಿದ. “ಬತ್ತಿ ಬೇಡ, ಎಣ್ಣೆ ಬೇಡ. ನಿನ್ನ ಶಿವನಂಜಮ್ಮನಿಗೆ ಹೇಳು, ನಮ್ಮನೇಲಿ ದೀಪ ತಪ್ಪೋದೇ ಇಲ್ಲ ಅಂತ.”

ಮೊದಲು ಬಂದದ್ದು ವಾಸನೆ. ಮುಸ್ಸಂಜೆಯಾದರೆ ಸಾಕು, ಹಳಸಿದ ಹಿಟ್ಟು, ಕೊಳೆತ ನಿಂಬೆ, ತುಕ್ಕು ಹಿಡಿದ ಕಬ್ಬಿಣ ಮೂರೂ ಬೆರೆತ ಹುಳಿ ನಾತ ಬಾಗಿಲ ಬುಡದಿಂದ ಏಳುತ್ತಿತ್ತು. ನಾಗಾರ್ಜುನ ಫಿನಾಯಿಲು ಸುರಿದ. ಆಮೇಲೆ ಬಂದದ್ದು ಸದ್ದು. ಕಲ್ಲಿನ ಅಡಿಯಲ್ಲಿ ಯಾರೋ ಕಾಲ್ಬೆರಳು ಮಡಿಚಿ ಬಿಚ್ಚುವಂತೆ ಸಣ್ಣಗೆ ಪರಚುವ ಸದ್ದು. ಇಲಿ ಇರಬೇಕೆಂದ. ಆಮೇಲೆ ಪವಿತ್ರಳ ಪಾದ.

ಹಿಮ್ಮಡಿ ಜೋಮು ಹಿಡಿಯುತ್ತಿದೆ ಎಂದಳು. ವೃಕ್ಷಾಸನದಲ್ಲಿ ನಿಂತವಳು ಶಿಷ್ಯರ ಎದುರಲ್ಲೇ ಕುಸಿದಳು. ಬೆಳಿಗ್ಗೆ ಹೊಸ್ತಿಲ ಮುಂದೆ ಬಂದು, ನೀರಿಗಿಳಿಯಲು ಅಂಜುವವಳಂತೆ ತುಸು ಹೊತ್ತು ನಿಲ್ಲತೊಡಗಿದಳು. ಆ ತುಸು ಹೊತ್ತು ದಿನದಿನಕ್ಕೆ ಬೆಳೆಯಿತು. ವೈದ್ಯರು ಎಲ್ಲ ಪರೀಕ್ಷೆ ಮಾಡಿ, ನರ ಚೆನ್ನಾಗಿದೆ, ಮೂಳೆ ಚೆನ್ನಾಗಿದೆ, ಮನಸ್ಸಿಗೆ ವಿಶ್ರಾಂತಿ ಬೇಕು ಎಂದರು. ಗೋಕುಲಂನ ಶಾಲೆಯವರು ಕೆಲವು ದಿನ ಕಾದು, ಅವಳ ತರಗತಿಯನ್ನು ಬೇರೊಬ್ಬಳಿಗೆ ಕೊಟ್ಟರು.

ಒಂದು ಬೆಳಿಗ್ಗೆ ಮುಂಬಾಗಿಲ ಒಳಗೆ ನಿಂತು ಅವಳು ಕೂಗಿದಳು. “ರೀ, ಬನ್ನಿ ಇಲ್ಲಿ. ಕಾಲು ಎತ್ತೋಕೆ ಆಗ್ತಿಲ್ಲ.”

“ಮನೆಯೊಳಗೆ ಓಡಾಡ್ತೀಯಲ್ಲ?”

“ಒಳಗೆ ಆಗುತ್ತೆ. ಹೊರಗೆ ಆಗಲ್ಲ.”

ಅವನು ಗದರಿದ, ನಕ್ಕ, ಕೊನೆಗೆ ಎರಡೂ ತೋಳಿನಲ್ಲಿ ಅವಳನ್ನು ಎತ್ತಿಕೊಂಡ. ಹೂವಿನಂತೆ ಹಗುರವಾಗಿದ್ದವಳು ಹೊಸ್ತಿಲ ನೇರಕ್ಕೆ ಬರುತ್ತಲೇ ಬಂಡೆಯಾದಳು. ಅವಳ ಪಾದಗಳನ್ನು ಕೆಳಗಿನಿಂದ ಏನೋ ಎಳೆಯುತ್ತಿತ್ತು. ಅವಳ ಚೀರಾಟಕ್ಕೆ ಎದುರುಮನೆಯ ಕುಸುಮ ಗೇಟಿನವರೆಗೆ ಓಡಿಬಂದಳು. ಅವನು ಹಿಂದೆ ಸರಿದು ಅವಳನ್ನು ಒಳಗೆ ಇಳಿಸಿದ. ಪಾದ ನೋಡಿದ. ಎರಡೂ ಪಾದಗಳ ಮಧ್ಯಭಾಗದಲ್ಲಿ ಒಂದೊಂದು ದುಂಡನೆಯ ಕಲೆ. ತುಕ್ಕಿನ ಬಣ್ಣ. ಬೆರಳಿನಿಂದ ಒರೆಸಿದ. ಬೆರಳಿಗೆ ತುಕ್ಕು ಹತ್ತಿತು.

ಆಗ ಅವನಿಗೆ ಗೊಂಬೆಯ ನೆನಪಾಯಿತು.

ಅಗ್ರಹಾರದ ಇಕ್ಕಟ್ಟಾದ ಬೀದಿಯಲ್ಲಿ, ಮಧ್ಯಾಹ್ನದ ಬಿಸಿಲಿಗೂ ತಂಪಾಗಿದ್ದ ಕೋಣೆಯಲ್ಲಿ, ಶಿವನಂಜಮ್ಮ ಹತ್ತಿ ಬಿಡಿಸಿ ಹೂಬತ್ತಿ ಹೊಸೆಯುತ್ತಿದ್ದರು. ಅವನನ್ನು ಕಂಡು ಅಚ್ಚರಿಪಡಲಿಲ್ಲ. ಕಾಫಿಯನ್ನೂ ಕೊಡಲಿಲ್ಲ.

“ಯಾರ ಕಾಲು?” ಎಂದು ಮಾತ್ರ ಕೇಳಿದರು.

“ನನ್ನ ಹೆಂಡತಿದು.”

“ಅವಳದೇ ಆಗಬೇಕು. ಕುಂಕುಮ, ಕಾಲುಂಗುರ ಇಟ್ಟ ಗೊಂಬೆ ಅಲ್ವೇ ಅದು? ನಾನು ಅವನ್ನ ತೆಗೆದಿಟ್ಟು ಎಷ್ಟು ಕಾಲ ಆಯ್ತು! ವಿಧವೆಗೆ ಮಾಟ ಮಾಡೋನು ಮುತ್ತೈದೆ ಗೊಂಬೆ ಮಾಡಿದ್ರೆ ಅದು ನನ್ನ ಹೆಂಗೆ ಹಿಡಿಯುತ್ತೆ? ತನ್ನ ಹಾಗಿರೋಳು ಬರಲಿ ಅಂತ ಕಾದು ಕೂತಿತ್ತು.”

“ನಿಮಗೆ... ನಾನೇ ಅಂತ...”

“ಕಿಟಕಿಯಿಂದ ನೋಡ್ತಾನೇ ಇದ್ದೆ ಕಣಪ್ಪ. ಮೂರು ಸಲ ನನ್ನ ಕೈಯಲ್ಲಿ ಕಾಫಿ ಕುಡಿದೋನು ನೀನು, ನನ್ನ ಹೊಸ್ತಿಲ ಮುಂದೆ ಕಳ್ಳನಂಗೆ ಕೂತಿದ್ದೆ. ನಾನು ಹೆದರಿ ಮಾರಲಿಲ್ಲ. ಅಂಥ ಹೊಸ್ತಿಲು ದಾಟಿಸಿ ಓದೋ ಹೆಣ್ಣುಮಕ್ಕಳನ್ನ ಒಳಕ್ಕೆ ಕರೀಲಾ? ಮಠಕ್ಕೆ ಕೊಡೋ ಮನಸ್ಸೇ ಸತ್ತುಹೋಯ್ತು. ನೀನಾಗಿ ಹೇಳ್ತೀಯ ಅಂತ ಕಾದೆ. ಹೇಳಿದ್ರೆ, ಅದಿನ್ನೂ ಯಾರ ಕಾಲನ್ನೂ ಹಿಡಿಯದಿದ್ದಾಗಲೇ, ನಿನ್ನ ಕೈಯಲ್ಲೇ ಕೀಳಿಸಿಬುಡ್ತಿದ್ದೆ. ಹೇಳಲಿಲ್ಲ. ಅದಕ್ಕೇ ದೀಪ ಇಡಿ ಅಂದೆ. ಎಣ್ಣೆ ದೀಪ ಉರಿಯೋವರೆಗೂ ಅದು ಮಲಗಿರ್ತಿತ್ತು; ಒಂದ್ಸಲ ಎದ್ದು ಕಾಲು ಹಿಡಿದ ಮೇಲೆ ದೀಪಕ್ಕೂ ಬಗ್ಗಲ್ಲ.”

“ಈಗ ಏನ್ಮಾಡ್ಲಿ ಅಮ್ಮ?”

“ಮೊಳೆ ಹೊಡೆದ ಕೈಯೇ ಕೀಳಬೇಕು. ಮುಸ್ಸಂಜೆ, ಎಣ್ಣೆ ದೀಪದ ಮುಂದೆ, ಬರಿಗೈಯಲ್ಲಿ.” ಬತ್ತಿಯೊಂದನ್ನು ತೊಡೆಯ ಮೇಲೆ ಉರುಳಿಸಿ ನಿಲ್ಲಿಸಿದರು. “ಆದ್ರೆ ಕಿತ್ತ ಮೊಳೆ ಸುಮ್ನೆ ಬರೋದಿಲ್ಲ. ಅವಳ ಪಾದ ಬಿಟ್ಟು ನಿನ್ನ ಪಾದ ಸೇರುತ್ತೆ. ಎರಡೂ ಕಿತ್ತರೆ ಅವಳು ಹೊರಕ್ಕೆ. ನೀನು ಒಳಗೆ. ಕಡೇ ತನಕ.”

“ಬೇರೆ ದಾರಿ...”

“ಇದ್ದಿದ್ರೆ ನಾನೇ ಮಾಡ್ತಿರಲಿಲ್ವೇ? ಆ ಹುಡುಗಿ ನನಗೇನು ಕೆಟ್ಟದ್ದು ಮಾಡಿದ್ಲು?” ಒಂದು ಹಿಡಿ ಹೂಬತ್ತಿಯನ್ನು ಕಾಗದದಲ್ಲಿ ಕಟ್ಟಿ ಅವನ ಮುಂದೆ ತಳ್ಳಿದರು. “ಹೋಗು. ಹೊತ್ತಾಗುತ್ತೆ.”

ಅವನು ಮನೆ ಸೇರಿದಾಗ ಬೆಟ್ಟದ ಹಿಂದಿನ ಆಕಾಶ ಬೂದಿಯಾಗುತ್ತಿತ್ತು. ಪವಿತ್ರ ಹೊಸ್ತಿಲ ಒಳಗೆ ನಿಂತು ಅಂಗಳದ ಪಾರಿಜಾತ ನೋಡುತ್ತಿದ್ದಳು. ಅವನು ಉಳಿ, ಸುತ್ತಿಗೆ ತಂದ. ಹಣತೆ ಹಚ್ಚಿದ. ಹೊಸ್ತಿಲ ಒಳಬದಿಗೆ ಕುಕ್ಕರಿಸಿ ಕಲ್ಲಿಗೆ ಉಳಿ ಇಟ್ಟ.

“ಏನ್ರೀ ಮಾಡ್ತಿದೀರಿ?”

ಹೊಡೆದ. ಕರಿಯ ಕಲ್ಲು ಸೀಳಿತು. ಬೀದಿಯ ದೀಪಗಳೆಲ್ಲ ಒಟ್ಟಿಗೆ ಆರಿದವು. ಪ್ಲಾಸ್ಟಿಕ್ಕಿನ ದೀಪ ಎರಡು ಬಾರಿ ಕಣ್ಣು ಮಿಟುಕಿಸಿ ಸತ್ತಿತು. ಉಳಿದದ್ದು ಹಣತೆಯ ಕುಡಿ ಒಂದೇ. ಅದು ಬಿರುಕಿನ ಕಡೆಗೆ ಬಾಗಿತು. ಹೊಡೆದ. ಸಿಮೆಂಟು ಉದುರಿತು. ಹುಳಿ ನಾತ ಮುಖಕ್ಕೆ ಬಡಿಯಿತು. ಹಳೆಯ ಮರ ಸಿಕ್ಕಿತು. ಅದರ ಸಂದಿಗೆ ಕೈ ಹಾಕಿದ.

ಬೆಚ್ಚಗಿತ್ತು.

ಹಿಟ್ಟು ಒಣಗಿರಲಿಲ್ಲ. ಮೆತ್ತಗೆ, ಮಲಗಿದ ಮಗುವಿನ ತೊಡೆಯಂತೆ ಮೆತ್ತಗೆ. ಎತ್ತಿದ. ಕುಂಕುಮ ಹಸಿಯಾಗಿತ್ತು. ಎದೆ ಏಳುತ್ತಿತ್ತು, ಇಳಿಯುತ್ತಿತ್ತು. ಪವಿತ್ರಳ ಉಸಿರಿನ ಲಯಕ್ಕೆ. ಅವನು ಸುತ್ತಿದ ಬೆಳ್ಳಿಬಣ್ಣದ ಹಾಳೆ ಅಲ್ಲಿರಲಿಲ್ಲ. ನಿಜದ ಬೆಳ್ಳಿಯ ಪುಟ್ಟ ಕಾಲುಂಗುರಗಳಿದ್ದವು.

ಪವಿತ್ರ ತನ್ನ ಪಾದ ನೋಡಿಕೊಂಡಳು. ಬೆರಳು ಬರಿದಾಗಿದ್ದವು.

“ನನ್ನ ಕಾಲುಂಗುರ,” ಎಂದಳು. ಆಮೇಲೆ, ಬಹಳ ಮೆಲ್ಲಗೆ: “ಅದು ಅಲ್ಲಿದೆ ಅಂತ ನಿಮಗೆ ಹೆಂಗೆ ಗೊತ್ತಿತ್ತು?”

ಅವನು ಗೊಂಬೆಯನ್ನು ದೀಪದ ಬೆಳಕಿಗೆ ತಿರುಗಿಸಿದ. ಮೊದಲ ಮೊಳೆಯ ತಲೆ ಹಿಡಿದ. ಎಳೆದ. ಬರಲಿಲ್ಲ. ಉಗುರು ಕಿತ್ತುಬಂತು. ಎಳೆದ. ಗೊಂಬೆಯ ಬಾಯಿ ತೆರೆಯಿತು. ಪವಿತ್ರ ಚೀರಿದಳು. ಎಳೆದ. ಮೊಳೆ ಕಳಚಿತು. ಅಂಗೈಯಲ್ಲಿ ನಿಲ್ಲಲಿಲ್ಲ; ನೀರಿನಂತೆ ಕರಗಿ ಹೋಯಿತು. ಮರುಗಳಿಗೆ ಅವನ ಬಲಪಾದದಲ್ಲಿ ಕಬ್ಬಿಣ ಇಳಿಯಿತು. ಚರ್ಮ, ಮಾಂಸ, ಮೂಳೆ. ಆಮೇಲೆ ನೆಲ. ತಣ್ಣಗಿನ, ಆಳದ ನೆಲ.

“ಬಂತು! ರೀ, ಕಾಲು ಬಂತು!” ಪವಿತ್ರ ಬಲಗಾಲು ಎತ್ತಿ ಹೊಸ್ತಿಲಾಚೆ ಇಟ್ಟಳು. ಮೆಟ್ಟಿಲ ಮೇಲಿನ ಪಾರಿಜಾತದ ಹೂವು ಅವಳ ಹಿಮ್ಮಡಿಗೆ ತಾಗಿತು. ಅಳುತ್ತಿದ್ದಳು, ನಗುತ್ತಿದ್ದಳು. ಎಡಗಾಲು ಒಳಗೇ ನೆಟ್ಟಿತ್ತು. “ಇನ್ನೊಂದು. ಬೇಗ ಕೀಳಿ!”

ಅವನ ಬೆರಳು ಎರಡನೆಯ ಮೊಳೆಯ ಮೇಲಿತ್ತು.

ನೋವು ಮೊಣಕಾಲಿಗೆ ಏರಿತ್ತು. ಅದು ಬರಿಯ ನೋವಲ್ಲ. ತಾನು ಇನ್ನು ಎಲ್ಲಿಗೂ ಹೋಗಲಾರೆನೆಂಬ ಅರಿವು. ಇನ್ನೊಂದು ಕಿತ್ತರೆ? ಪವಿತ್ರ ಹೊರಗೆ. ಎಲ್ಲ ತಿಳಿದ ಪವಿತ್ರ. ಅವಳು ತಿರುಗಿ ಬರುವಳೇ? ಅಡುಗೆಮನೆಯ ಕತ್ತಲೆ, ಮಲಗುವ ಕೋಣೆಯ ಕತ್ತಲೆ, ಅವನ ಹೆಸರು ಕರೆಯುವವರಿಲ್ಲದ ಒಂದು ಇಡೀ ಮನೆ ಅವನ ಬೆನ್ನ ಹಿಂದೆ ಬಾಯ್ದೆರೆದು ನಿಂತಿತ್ತು.

“ಕೀಳಿ,” ಎಂದಳು ಅವಳು.

ಅವನು ಹೆಗಲ ಮೇಲಿಂದ ಒಳಗಿನ ಕತ್ತಲೆಯತ್ತ ನೋಡಿದ.

“ಕೀಳಿ ಅಂದ್ರೆ!”

“ಆಗಲ್ಲ ಪವಿ,” ಎಂದ. ಕೈ ಹಿಂದಕ್ಕೆ ತೆಗೆದುಕೊಂಡ.

ಅವಳು ಅವನನ್ನು ನೋಡಿದಳು. ಹೊರಗಿಟ್ಟಿದ್ದ ಬಲಗಾಲನ್ನು, ಬೇರೆಯವರದನ್ನು ಎತ್ತಿಡುವಂತೆ, ಎರಡೂ ಕೈಯಿಂದ ಹಿಡಿದು ಒಳಗೆ ತಂದುಕೊಂಡಳು. ಹಣತೆಯ ಎಣ್ಣೆ ತೀರಿತು.

ಆ ಬಡಾವಣೆಯಲ್ಲಿ ಇಂದಿಗೂ ಆ ದಂಪತಿಗಳನ್ನು ಹೊಗಳದವರಿಲ್ಲ. ಅವನು ಕಾರ್ಖಾನೆಯ ಕೆಲಸ ಬಿಟ್ಟು ಮನೆಯಲ್ಲೇ ಕುಳಿತು ಮಾಡುವ ಏನೋ ಉದ್ಯೋಗ ಹಿಡಿದಿದ್ದಾನೆ. ತರಕಾರಿಯೂ ಹಾಲೂ ಬಾಗಿಲಿಗೇ ಬರುತ್ತವೆ. ಎದುರುಮನೆಯ ಕುಸುಮ ತನ್ನ ಗಂಡನನ್ನು ಮೂದಲಿಸುತ್ತಾಳೆ: “ನೋಡ್ರೀ ಅವರನ್ನ! ಒಬ್ಬರನ್ನ ಬಿಟ್ಟು ಒಬ್ಬರು ಗೇಟು ದಾಟಲ್ಲ. ದಿನಾ ಸಂಜೆ ಜೊತೇಲಿ ಕೂತು ದೀಪ ಹಚ್ತಾರೆ. ನೀವೂ ಇದೀರಿ!”

ದೀಪ ಹಚ್ಚುವವಳು ಪವಿತ್ರ. ಒಡೆದ ಹೊಸ್ತಿಲ ಒಳಬದಿಗೆ ಇಬ್ಬರೂ ಕೂರುತ್ತಾರೆ. ಅವಳು ಅರಿಸಿನ ಬಳಿದು, ಶಿವನಂಜಮ್ಮನ ಹೂಬತ್ತಿಯನ್ನು ಎಣ್ಣೆಯಲ್ಲಿ ಅದ್ದಿ ಹೊತ್ತಿಸಿ, ಗೊಂಬೆಯನ್ನು ಎತ್ತಿ ಇಬ್ಬರ ನಡುವೆ ಮಲಗಿಸುತ್ತಾಳೆ. ಉಳಿದ ಮೊಳೆ ಬೆಳಕಿನಲ್ಲಿ ಹೊಳೆಯುತ್ತದೆ. ಅವಳು ಕಾಯುತ್ತಾಳೆ. ಅವನು ಮೊಳೆಯನ್ನು ನೋಡುತ್ತಾನೆ, ಅಂಗಳವನ್ನು ನೋಡುತ್ತಾನೆ, ತನ್ನ ಕೈಗಳನ್ನು ನೋಡುತ್ತಾನೆ. ಯಾರೂ ಹೊರಕ್ಕೆ ತಳ್ಳಲಾರದ ಮನೆ ಅವನಿಗೆ ದಕ್ಕಿದೆ.

ಎಣ್ಣೆ ತೀರುತ್ತದೆ. ಅವಳು ಗೊಂಬೆಯನ್ನು ಹೊಸ್ತಿಲ ಕೆಳಗಿಟ್ಟು, ಬಾಗಿಲು ಹಾಕಿ, ಒಂದು ಕಾಲು ಎಳೆಯುತ್ತ ಅಡುಗೆಗೆ ಏಳುತ್ತಾಳೆ.